ಜೇನುನೆಲ್ಲಿಗೆ ನೊರೆ ಬರ್ತಿದೆ, ಮಗಳು ಆಕ್ಲೆಂಡಿಗೆ ಹೊರಟಿದ್ದಾಳೆ

ತೀರ್ಥಹಳ್ಳಿಯಿಂದ:
ಮಗಳು ಫೆಬ್ರವರಿಯಲ್ಲಿ ಓದಲಿಕ್ಕೆ ನ್ಯೂಜಿಲೆಂಡಿಗೆ ಹೊರಟಿದ್ದಾಳೆ. ಊಟದಲ್ಲಿ ಮಹಾ ಹಟದವಳು, ಹೊಸದೇನನ್ನೂ ಬಾಯಿಗಿಡುವುದಿಲ್ಲ. ಜೇನುನೆಲ್ಲಿಯನ್ನಾದರೂ ಕಟ್ಟಿಕೊಡೋಣ ಅಂದರೆ, ಹೋದ ವರ್ಷದ್ದು ಹದಿನೈದೇ ದಿನಕ್ಕೆ ನೊರೆ ಬಂದು ಹುಳಿ ವಾಸನೆ ಹೊಡೆಯಿತು. ಎಲ್ಲಿ ತಪ್ಪಿದೆ?

ಹೊಸನಗರದಿಂದ:
ಅಕ್ಕಾ, ನೀರು ಸೇರಿದೆ. ಜೇನಿನಲ್ಲಿ ನೀರಿನ ಪಾಲು ನೂರಕ್ಕೆ 20 ದಾಟಿದರೆ ಹುಳಿ ಹಿಡಿಯುವುದು ಸುಲಭ. ನಮ್ಮ ತುಡುವೆ ಹುಳದ ಜೇನು ಮೊದಲೇ ತೆಳು, ಹುಳ ಮೇಣದ ಮುಚ್ಚಳ ಹಾಕುವ ಮೊದಲೇ ಎರಿ ಹಿಂಡಿದ್ದಾದರೆ ಕೇಳುವುದೇ ಬೇಡ. ಅದರ ಮೇಲೆ ನೆಲ್ಲಿಯೂ ರಸ ಬಿಡುತ್ತದೆ.

ನಾನು ನೆಲ್ಲಿಯನ್ನು ಎಸಳು ಬಿರಿಯುವಷ್ಟೇ ಆವಿಯಲ್ಲಿ ಬೇಯಿಸಿ, ಬೀಜ ತೆಗೆದು, ಬಟ್ಟೆಯ ಮೇಲೆ ಒಂದು ದಿನ ಆರಿಸುತ್ತೇನೆ. ಎಸಳು ಬೆರಳಿಗೆ ಅಂಟಬೇಕು, ಒದ್ದೆ ಮಾಡಬಾರದು. ಒಣಗಿದ ಗಾಜಿನ ಭರಣಿಗೆ ಹಾಕಿ ಮುಳುಗುವಷ್ಟು ಜೇನು. ನಾಲ್ಕನೇ ದಿನ ನೋಡಿ, ಜೇನು ಪಾನಕದಷ್ಟು ತೆಳುವಾಗಿರುತ್ತದೆ! ಎಸಳುಗಳನ್ನು ಎತ್ತಿ ಅರ್ಧ ದಿನ ಬಿಸಿಲಿಗಿಟ್ಟು, ಬೇರೆ ಗಟ್ಟಿ ಜೇನಿಗೆ ಹಾಕಿ. ತೆಳುವಾದದ್ದನ್ನು ಫ್ರಿಜ್ಜಿನಲ್ಲಿಟ್ಟು ನಿಂಬೆ ಪಾನಕಕ್ಕೆ ಬಳಸಿ. ಈ ಎರಡನೇ ಜೇನಿಗೆ ಜಿಪುಣತನ ಮಾಡಿದವರೆಲ್ಲ ನೊರೆ ನೋಡಿದವರೇ, ನಾನೂ ಸೇರಿ.

ಮನೆಯಲ್ಲಿ ಬಾಣಂತಿ ಇದ್ದರೆ ಒಂದು ಮಾತು: ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ.

ಸಾಗರದಿಂದ (ಎರಡು ವರ್ಷ ಆಕ್ಲೆಂಡಿನಲ್ಲಿದ್ದೆ):
ಹೊಸನಗರದವರು ಹೇಳಿದ್ದು ಸರಿ, ಆದರೆ ಆ ಭರಣಿ ಮನೆಯಲ್ಲೇ ಇರಲಿ ಮಾರಾಯ್ರೆ. ಅಲ್ಲಿಯ ಜೇನುಹುಳಕ್ಕೆ ರೋಗ ತಗಲೀತೆಂದು ನ್ಯೂಜಿಲೆಂಡಿನವರು ಪ್ರಯಾಣಿಕರ ಕೈಯ ಜೇನನ್ನು ಒಳಗೆ ಬಿಡುವುದಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ವಿಮಾನ ನಿಲ್ದಾಣದಲ್ಲೇ 400 ಡಾಲರ್ ದಂಡ. ತಿನ್ನುವ ಪದಾರ್ಥ ಏನೇ ಇದ್ದರೂ ಫಾರಂನಲ್ಲಿ ಬರೆಯಲು ಹೇಳಿ.

ಹಟದ ವಿಷಯಕ್ಕೆ ಬಂದರೆ, ಮೊದಲ ತಿಂಗಳು ನನ್ನದೂ ಮೊಸರನ್ನವೇ. ಮಾರ್ಮೈಟ್ ಅಂತ ಒಂದು ಕಪ್ಪು ಲೇಹ್ಯ ಸಿಗುತ್ತದೆ, ಈಸ್ಟಿನದ್ದು. ಜಾಮ್ ಅಂದುಕೊಂಡು ಬ್ರೆಡ್ಡಿಗೆ ದಪ್ಪಗೆ ಬಳಿದೆ. ಉಪ್ಪಿನಕಾಯಿ ಜಾಡಿಯ ತಳವನ್ನೇ ನೆಕ್ಕಿದ ಹಾಗಾಯಿತು! ಬೆಣ್ಣೆ ಸವರಿ ಅದರ ಮೇಲೆ ಉಗುರಿನಷ್ಟು ಹಚ್ಚಬೇಕಂತೆ.

ನನ್ನ ಹಟ ಮುರಿದದ್ದು ಫೀಜೋವಾ. ಮಾರ್ಚಿನಿಂದ ಜೂನ್‌ವರೆಗೆ ಅದರ ಕಾಲ. ಹಸಿರು ಮೊಟ್ಟೆಯ ಹಾಗಿರುವ ಹಣ್ಣು, ನಮ್ಮ ಪೇರಲೆಯ ಕುಟುಂಬದ್ದೇ. ಮರದಿಂದ ಕೀಳುವ ಹಾಗಿಲ್ಲ, ಮಾಗಿ ತಾನೇ ಉದುರಿದ್ದನ್ನು ಆರಿಸುವುದು. ಅಡ್ಡಕ್ಕೆ ಕೊಯ್ದು ಚಮಚದಲ್ಲಿ ತೋಡಿ ತಿನ್ನಬೇಕು. ಪರಿಮಳಕ್ಕೇ ಒಲಿದೆ. ಹೋಳು ಮಾಡಿ ಜೇನಿನಲ್ಲಿ ನೆನೆಸಿ ಫ್ರಿಜ್ಜಿನಲ್ಲಿಡುತ್ತಿದ್ದೆ, ವಾರದೊಳಗೆ ಖಾಲಿ. ಮಗಳು ಹೋದ ಮರುತಿಂಗಳೇ ಹಣ್ಣು ಶುರು ನೋಡಿ.

ತೀರ್ಥಹಳ್ಳಿಯಿಂದ:
ಜೇನು ಒಯ್ಯುವ ಹಾಗಿಲ್ಲ ಅಂತ ಗೊತ್ತೇ ಇರಲಿಲ್ಲ, ಬಚಾವಾದೆ. ಅಲ್ಲಿ ಯಾವ ಜೇನು ತಗೊಳ್ಳಲಿ ಅವಳು?

ಸಾಗರದಿಂದ:
ಮಾನುಕಾ ಗಿಡದ ಹೂವಿನ ಜೇನು ಅಂತ ಹೋದರೆ ಪರ್ಸು ಖಾಲಿ. ಕ್ಲೋವರ್ ಹೂವಿನ ಜೇನು ಸಾಕು.