ಕನ್ನಡಕ ಹಾಕ್ಕೊಂಡು ವಿಕಾಸದಿಂದ ತಪ್ಪಿಸಿಕೊಂಡೆವಾ?

ಮೈನಸ್_ಒಂಬತ್ತು:

ನನ್ನ ಪವರ್ ಎರಡೂ ಕಣ್ಣಿಗೆ ಮೈನಸ್ ಒಂಬತ್ತು. ಕನ್ನಡಕ ತೆಗೆದರೆ 11 ಸೆಂಟಿಮೀಟರ್‌ವರೆಗೆ ಮಾತ್ರ ಸ್ಪಷ್ಟ, ಅದರಾಚೆ ಎಲ್ಲ ಮಂಜು. ಬೆಳಿಗ್ಗೆ ಎದ್ದರೆ ಮೊದಲು ಕನ್ನಡಕ ಹುಡುಕಬೇಕು. ಹುಡುಕೋಕೂ ಕನ್ನಡಕ ಬೇಕು, ಅದೇ ತಮಾಷೆ.

ಹೊಟ್ಟೆಪಾಡೂ ಕಣ್ಣೇ. ಹದಿನಾಲ್ಕು ವರ್ಷದಿಂದ ಕಣ್ಣು ಪರೀಕ್ಷೆ ಮಾಡುತ್ತಿದ್ದೇನೆ. "ಇದು ಚೆನ್ನಾಗಿ ಕಾಣುತ್ತಾ, ಇದಾ?" ಅಂತ ದಿನಕ್ಕೆ ನೂರು ಸಲ ಕೇಳುವವಳು ನಾನು. ಹೋದ ತಿಂಗಳು ಆ ಕುರ್ಚಿಯಲ್ಲಿ ನನ್ನ ಮಗಳೇ ಕೂತಿದ್ದಳು. ಏಳು ವರ್ಷ. ಮೇಲಿನ ಸಾಲುಗಳನ್ನು ಪಟಪಟ ಓದಿದಳು. ಆಮೇಲೆ ನಿಧಾನವಾದಳು. ಊಹೆ ಮಾಡುವ ಮಕ್ಕಳನ್ನು ದನಿಯಲ್ಲೇ ಹಿಡಿಯಬಹುದು, ಒಂದೊಂದು ಅಕ್ಷರವನ್ನೂ ಪ್ರಶ್ನೆ ಥರ ಹೇಳುತ್ತಾರೆ. "ಇ...? ಎಫ್...?" ಮೈನಸ್ ಒಂದೂವರೆ ಬಂತು.

ಅವತ್ತಿನಿಂದ ತಲೆಯಲ್ಲಿ ಒಂದೇ ಕೊರೆತ. ಹತ್ತು ಸಾವಿರ ವರ್ಷದ ಹಿಂದೆ ಹುಟ್ಟಿದ್ದರೆ ನಾನು ಹಾವನ್ನು ಹಗ್ಗ ಅಂದುಕೊಂಡು ಎತ್ತಿಕೊಂಡಿರುತ್ತಿದ್ದೆ, ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಈಗ ನೋಡಿದರೆ ಬದುಕಿದ್ದೇನೆ, ಮಗಳಿಗೂ ದಾಟಿಸಿದ್ದೇನೆ. ಹಾಗಾದರೆ ಮನುಷ್ಯ ವಿಕಾಸವನ್ನು ದಾಟಿಬಿಟ್ಟನಾ? ಅಥವಾ ಕನ್ನಡಕ, ಇನ್ಸುಲಿನ್ ಅಂತ ಎಲ್ಲರನ್ನೂ ಉಳಿಸಿಕೊಂಡು ನಾವೇ ಕೈಯಾರೆ ಮುಂದಿನವರನ್ನು ಸೊರಗಿಸುತ್ತಿದ್ದೇವಾ? ಈ ಎರಡನೆಯದು ನೆಂಟರೊಬ್ಬರು ನನ್ನ ಮುಖದ ಮೇಲೇ ಹೇಳಿದ ಮಾತು.

ಹಳೇ_ಮೇಷ್ಟ್ರು:

ಮೊದಲು ನೆಂಟರ ಮಾತನ್ನು ಪಕ್ಕಕ್ಕಿಡಿ ತಾಯಿ. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಪ್ರತಿ ವರ್ಷ ಒಬ್ಬನಾದರೂ ಎದ್ದು ನಿಂತು ಇದನ್ನೇ ಕೇಳುತ್ತಿದ್ದ.

ವಿಕಾಸಕ್ಕೆ ಗಟ್ಟಿ, ಸೊರಗು ಅನ್ನುವುದು ಗೊತ್ತಿಲ್ಲ. ಈ ಪರಿಸರದಲ್ಲಿ ಯಾರ ಮಕ್ಕಳು ಎಷ್ಟು ಉಳಿದವು, ಅದಕ್ಕೆ ಅಷ್ಟೇ ಲೆಕ್ಕ. ನಿಮ್ಮ ಪರಿಸರದಲ್ಲಿ ಕನ್ನಡಕ ಇದೆ. ಅದನ್ನು ಯಾಕೆ ಹೊರಗಿಡುತ್ತೀರಿ?

ಹೆಚ್ಚಿನ ಪ್ರಾಣಿಗಳು ವಿಟಮಿನ್ ಸಿ ತಾವೇ ತಯಾರಿಸಿಕೊಳ್ಳುತ್ತವೆ. ನಮಗೆ ಆಗುವುದಿಲ್ಲ. ಅದಕ್ಕೆ ಬೇಕಾದ ಜೀನ್ ಕೋಟ್ಯಂತರ ವರ್ಷಗಳ ಹಿಂದೆ, ನಾವಿನ್ನೂ ಮನುಷ್ಯರಾಗುವ ಮೊದಲೇ ಕೆಟ್ಟುಹೋಯಿತು. ಮರದ ತುಂಬ ಹಣ್ಣಿತ್ತು, ಕೆಟ್ಟಿದ್ದು ಯಾರಿಗೂ ತಿಳಿಯಲಿಲ್ಲ. ಆ ಮುರುಕು ಜೀನ್ ಇವತ್ತಿಗೂ ನನ್ನ, ನಿಮ್ಮ ಎಲ್ಲರ ಒಳಗೆ ಬಿದ್ದುಕೊಂಡಿದೆ. ನಿಮ್ಮ ನೆಂಟರ ಒಳಗೂ. ಆ ಪೂರ್ವಜರಿಗೆ ಹಣ್ಣೇ ಕನ್ನಡಕ ಇದ್ದ ಹಾಗೆ.

ಇನ್ನು ವಿಕಾಸದ ಮೇಲೆ ನಮ್ಮ ಪ್ರಭಾವದ ಮಾತು. ಹಾಲನ್ನೇ ತಗೊಳ್ಳಿ. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗದಿರುವುದೇ ಮನುಷ್ಯರ ಹಳೆಯ ಸ್ಥಿತಿ. ಈಗಲೂ ಬಹುಪಾಲು ಜನರದ್ದು ಹಾಗೇ. ದನ ಸಾಕಲು ಶುರು ಮಾಡಿದ ಮೇಲೆ, ಸುಮಾರು 10,000 ವರ್ಷದ ಒಳಗೆ, ಯುರೋಪಿನಲ್ಲಿ ಒಂದು ಬದಲಾವಣೆ, ಪೂರ್ವ ಆಫ್ರಿಕಾದಲ್ಲಿ ಬೇರೆಯೇ ಬದಲಾವಣೆ ಹರಡಿ ಹಾಲು ಅರಗತೊಡಗಿತು. ದನ ಕಟ್ಟಿದವನು ತನ್ನ ಜೀನ್ ತಿದ್ದುತ್ತೇನೆ ಅಂದುಕೊಂಡಿದ್ದನಾ? ಅವನಿಗೆ ಬೇಕಿದ್ದದ್ದು ಹೊಟ್ಟೆಗೆ ಅಷ್ಟೇ.

ನಿಮ್ಮ ಮಗಳ ಕಣ್ಣಿಗೆ ಬರೋಣ. 1969ರಲ್ಲಿ ಅಲಾಸ್ಕಾದ ಬ್ಯಾರೋದಲ್ಲಿ ಇನ್ಯುಟ್ ಮನೆತನಗಳ ಕಣ್ಣು ಪರೀಕ್ಷೆಯ ವರದಿ ಬಂತು. ಅಜ್ಜ ಅಜ್ಜಿಯರಲ್ಲಿ ಸಮೀಪದೃಷ್ಟಿ ಹುಡುಕಿದರೂ ಸಿಗದಷ್ಟು ಕಡಿಮೆ. ಶಾಲೆಗೆ ಹೋದ ಮಕ್ಕಳು ಮೊಮ್ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ. ಒಂದೆರಡು ತಲೆಮಾರಿನಲ್ಲಿ ಜೀನ್ ಅಷ್ಟು ಬದಲಾಗುವುದಿಲ್ಲ, ಬದಲಾಗಿದ್ದು ಬಾಲ್ಯ. ಮೈನಸ್ ಒಂಬತ್ತರಲ್ಲಿ ಜೀನ್‌ನ ಪಾಲು ದೊಡ್ಡದೇ ಇರಬಹುದು. ಆದರೆ ಒಂದೂವರೆ ಎಲ್ಲಿಯವರೆಗೆ ಏರುತ್ತದೆ ಅನ್ನುವುದರಲ್ಲಿ ಹೊರಗೆ ಬಿಸಿಲಲ್ಲಿ ಆಡುವುದಕ್ಕೂ ಪಾಲಿದೆ. ಅದು ನಿಮ್ಮ ಕಸುಬು, ನಾನು ಹೇಳಬೇಕಾಗಿಲ್ಲ.

ಸುಮ್ನೆ_ಬಂದವ:

ಮೇಷ್ಟ್ರೇ, ಹತ್ತು ಸಾವಿರ ವರ್ಷ ಯಾರು ಕಾಯ್ತಾರೆ? ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಬಂದಾಯ್ತು. ಕೆಟ್ಟ ಜೀನ್ ಕತ್ತರಿಸಿ ಬಿಸಾಕಿದರೆ ಆಯ್ತು. ಇನ್ನು ಐವತ್ತು ವರ್ಷಕ್ಕೆ ಸ್ಟೀರಿಂಗ್ ನಮ್ಮ ಕೈಲಿ.

ಕಾಲು_ಪಾಲು:

ಸುಮ್ನೆ ಬಂದವರೇ, ನಾನು ಸುಮ್ನೆ ಬಂದಿಲ್ಲ. ನಾನೂ ನನ್ನ ಗಂಡನೂ ಬೀಟಾ ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆಯ ಕ್ಯಾರಿಯರ್‌ಗಳು, ಅಂದರೆ ಆ ಜೀನ್‌ನ ಒಂದೇ ಪ್ರತಿ ಇರುವವರು. ನಮಗೆ ಏನೂ ತೊಂದರೆ ಇಲ್ಲ, ಹಿಮೋಗ್ಲೋಬಿನ್ ಯಾವಾಗಲೂ ಸ್ವಲ್ಪ ಕಡಿಮೆ ಅಷ್ಟೇ. ವರ್ಷಗಟ್ಟಲೆ ಸುಮ್ನೆ ಕಬ್ಬಿಣದ ಮಾತ್ರೆ ನುಂಗಿಸಿದರು. ಆದರೆ ಇಬ್ಬರ ಜೀನೂ ಒಂದೇ ಮಗುವಿಗೆ ಹೋದರೆ ಜೀವನಪೂರ್ತಿ ರಕ್ತ ಹಾಕಿಸಬೇಕು. ಪ್ರತಿ ಬಸಿರಿಗೂ ಕಾಲು ಪಾಲು ಸಾಧ್ಯತೆ. ನನ್ನ ಹೆಸರು ಅಲ್ಲಿಂದಲೇ ಬಂದಿದ್ದು.

ಹನ್ನೆರಡನೇ ವಾರದಲ್ಲಿ ಹೊಟ್ಟೆಗೆ ಸೂಜಿ ಹಾಕಿ ಮಾಸಿನ ಚೂರು ತೆಗೆದರು. ಸ್ಕ್ರೀನ್‌ನಲ್ಲಿ ಸೂಜಿ ಬಿಳಿ ಗೆರೆಯ ಥರ ಒಳಗೆ ಬಂತು. ಮಗು ಅದರ ಪಕ್ಕದಲ್ಲೇ ಕೈ ಆಡಿಸಿಕೊಂಡಿತ್ತು. ರಿಪೋರ್ಟ್ ಬರಲು ಒಂಬತ್ತು ದಿನ. ಆ ಒಂಬತ್ತು ದಿನ ಗಂಡ ಹೆಂಡತಿ ಅಡುಗೆ, ಬಟ್ಟೆ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಬಂದಿದ್ದು: ಕ್ಯಾರಿಯರ್, ನಮ್ಮಿಬ್ಬರ ಹಾಗೇ. ಮಗನಿಗೆ ಈಗ ಒಂಬತ್ತು ವರ್ಷ, ಮನೆ ಹಾರಿಹೋಗುವಂತೆ ಕುಣಿಯುತ್ತಾನೆ.

ಈಗ ನೋಡಿ, ನಾನು ವಿಕಾಸಕ್ಕೆ ಏನು ಮಾಡಿದೆ? ಏನೂ ಇಲ್ಲ. ಜೀನ್ ಅವನೊಳಗೆ ಆರಾಮಾಗಿ ಕೂತಿದೆ. ಸೈಪ್ರಸ್‌ನಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರು ಕ್ಯಾರಿಯರ್. ಅಲ್ಲಿ 1970ರ ದಶಕದಿಂದ ತಪಾಸಣೆ ನಡೆಸಿ, ಕಾಯಿಲೆ ಇರುವ ಮಕ್ಕಳು ಹುಟ್ಟುವುದು ಹೆಚ್ಚುಕಡಿಮೆ ನಿಂತೇಹೋಯಿತು. ಕ್ಯಾರಿಯರ್‌ಗಳ ಲೆಕ್ಕ ಮಾತ್ರ ಹೆಚ್ಚೇನೂ ಇಳಿಯಲಿಲ್ಲ. ಕಣ್ಣೀರು ಕಡಿಮೆಯಾಯಿತು, ಅದೇ ನನಗೆ ಬೇಕಾದಷ್ಟು.

ಕ್ರಿಸ್ಪರ್ ಬಗ್ಗೆ: ಇದೇ ಕಾಯಿಲೆಗೂ ಕೊಡುವ ಕ್ಯಾಸ್‌ಜೆವಿ ಅನ್ನುವ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಮೊದಲು ಒಪ್ಪಿಗೆ ಕೊಟ್ಟಿತು. ರೋಗಿಯದೇ ರಕ್ತದ ಮೂಲಕೋಶ ಹೊರಗೆ ತೆಗೆದು, ತಿದ್ದಿ, ಜೋರು ಕೀಮೋ ಕೊಟ್ಟು ಜಾಗ ಖಾಲಿ ಮಾಡಿ, ಮತ್ತೆ ಒಳಗೆ ಬಿಡುತ್ತಾರೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಇರುವ ಹಿಮೋಗ್ಲೋಬಿನ್ ಮತ್ತೆ ತಯಾರಾಗತೊಡಗುತ್ತದೆ. ಆದರೆ ತಿದ್ದಿದ್ದು ರಕ್ತವನ್ನು ಮಾತ್ರ. ಆ ರೋಗಿಗೆ ಮಕ್ಕಳಾದರೆ ಹೋಗುವುದು ಹಳೇ ಜೀನೇ. ಭ್ರೂಣವನ್ನೇ ತಿದ್ದಿದವನು ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ. 2018ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಅಂತ ಹೇಳಿಕೊಂಡ. ಮರುವರ್ಷ ಮೂರು ವರ್ಷ ಜೈಲು ಶಿಕ್ಷೆಯಾಯಿತು.

ಇನ್ನೊಂದು. "ಕೆಟ್ಟ ಜೀನ್" ಅಂದಿರಲ್ಲ, ನನ್ನ ಜೀನ್ ಇಷ್ಟು ಹರಡಿದ್ದೇ ಒಂದು ಪ್ರತಿ ಇದ್ದವರು ಮಲೇರಿಯಾದಿಂದ ಉಳಿದುಕೊಂಡದ್ದಕ್ಕೆ. 1949ರಲ್ಲೇ ವಿಜ್ಞಾನಿ ಹಾಲ್ಡೇನ್ ಹೀಗಿರಬಹುದು ಅಂದಿದ್ದರು. ನನ್ನ ಯಾವುದೋ ಮುತ್ತಜ್ಜಿ ಇದರಿಂದಲೇ ಬದುಕಿರಬಹುದು. ಅವಳನ್ನು ಕೇಳಿ, ಕತ್ತರಿಸಬೇಕಾ ಅಂತ.

ಸುಮ್ನೆ_ಬಂದವ:

ಸಾರಿ ಅಕ್ಕಾ. ನಾನು ಹಗುರವಾಗಿ ಹೇಳಿಬಿಟ್ಟೆ.

ಮೈನಸ್_ಒಂಬತ್ತು:

ಕಾಲು_ಪಾಲು, ಆ ಒಂಬತ್ತು ದಿನ ಓದಿ ನನ್ನ ಒಂದೂವರೆಗೆ ನಾಚಿಕೆಯಾಯಿತು. ಮೇಷ್ಟ್ರೇ, ಒಂದು ಉಳಿಯಿತು. ಮಕ್ಕಳು ಸಾಯುವುದೇ ಕಡಿಮೆಯಾದರೆ ಆಯ್ಕೆ ನಡೆಯುವುದು ಎಲ್ಲಿ? ನಿಂತಂತೆಯೇ ಅಲ್ವಾ?

ಹಳೇ_ಮೇಷ್ಟ್ರು:

ಜರಡಿಯ ತೂತು ದೊಡ್ಡದಾಗಿದೆ, ಅದು ನಿಜ. ಹಿಂದೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ದೊಡ್ಡವರಾಗುವ ಮೊದಲೇ ಹೋಗುತ್ತಿದ್ದವು. ಈಗ ಜಗತ್ತಿನಲ್ಲಿ ಐದು ವರ್ಷದೊಳಗೆ ಸಾಯುವುದು ನೂರಕ್ಕೆ ನಾಲ್ಕು. ಆದರೆ ಒಬ್ಬರಿಗೆ ಮಕ್ಕಳೇ ಇಲ್ಲ, ಇನ್ನೊಬ್ಬರಿಗೆ ನಾಲ್ಕು. ಆ ವ್ಯತ್ಯಾಸ ಇರುವ ತನಕ ಆಯ್ಕೆಗೆ ಬಾಗಿಲು ತೆರೆದೇ ಇರುತ್ತದೆ.

ಹೊಸ ಸರಕೂ ಬರುತ್ತಲೇ ಇದೆ. ಪ್ರತಿ ಮಗುವಿನಲ್ಲೂ ಅಪ್ಪ ಅಮ್ಮನಲ್ಲಿ ಇಲ್ಲದ 60-70 ಹೊಸ ಡಿಎನ್‌ಎ ಬದಲಾವಣೆಗಳಿರುತ್ತವೆ. ಅಪ್ಪನ ವಯಸ್ಸು ಒಂದು ವರ್ಷ ಏರಿದರೆ ಇನ್ನೊಂದೆರಡು ಸೇರುತ್ತವೆ. ಅಂದರೆ ಓದು, ಕೆಲಸ ಅಂತ ಮಕ್ಕಳನ್ನು ಮುಂದಕ್ಕೆ ಹಾಕುವವನು ಆಗಲೇ ಸ್ಟೀರಿಂಗ್ ತಿರುಗಿಸಿದ್ದಾನೆ, ಹಾಗಂತ ಅವನಿಗೆ ಗೊತ್ತಿಲ್ಲ. ಬೇಕಂತಲೇ ತಿರುಗಿಸಲು ಹೊರಟವರೂ ಇದ್ದರು. 1907ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ "ಅಯೋಗ್ಯ" ಅನ್ನಿಸಿದವರಿಗೆ ಬಲವಂತವಾಗಿ ಸಂತಾನಹರಣ ಮಾಡುವ ಕಾನೂನು ಮಾಡಿತು, 1927ರಲ್ಲಿ ಸುಪ್ರೀಂ ಕೋರ್ಟ್ ಅಂಥ ಕಾನೂನು ಸರಿ ಅಂದಿತು, ಒಟ್ಟು 60,000ಕ್ಕೂ ಹೆಚ್ಚು ಜನರಿಗೆ ಸಂತಾನಹರಣ. ನಿಮ್ಮ ನೆಂಟರು ಆಡಿದ್ದು ಆ ಭಾಷೆಯನ್ನೇ. ಎತ್ತರದಂಥ ಒಂದು ಗುಣಕ್ಕೇ ಸಂಬಂಧಿಸಿದ ಸುಮಾರು 12,000 ಡಿಎನ್‌ಎ ಜಾಗಗಳನ್ನು 2022ರಲ್ಲಿ ಗುರುತಿಸಿದ್ದಾರೆ. ಇವರು ಯಾವುದನ್ನು ಹಿಡಿದು ತಿರುಗಿಸುತ್ತಾರಂತೆ?

ಮೈನಸ್_ಒಂಬತ್ತು:

ಈ ಉತ್ತರವನ್ನು ನೆಂಟರಿಗೆ ಕಳಿಸಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಮಗಳಿಗೆ ದಿನಾ ಎರಡು ಗಂಟೆ ಹೊರಗೆ ಆಡಬೇಕು ಅಂತ ಕಟ್ಟುನಿಟ್ಟು ಮಾಡಿದೆ. ಇವತ್ತು ಕಿಟಕಿಯಿಂದ ಬಗ್ಗಿ ನೋಡಿದರೆ ಕಥೆಪುಸ್ತಕ ಎತ್ತಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತಿದ್ದಾಳೆ, ಮೂಗಿಗೆ ತಾಗಿಸಿಕೊಂಡು. ಕೂಗೋಣ ಅಂತ ಬಾಯಿ ತೆರೆದೆ. ಬಿಸಿಲಂತೂ ಬೀಳ್ತಿದೆಯಲ್ಲ ಅಂತ ಸುಮ್ಮನಾದೆ.