ಹೊಲದಲ್ಲಿ ಸಿಕ್ಕ ಕೆಂಪು ಹರಳು: ವಜ್ರವಾ, ಪೇನೈಟಾ, ಬೇರೇನಾ? ಗೊತ್ತಿದ್ದವರು ಹೇಳಿ

ಆಲೂರು ಕಡೆಯಿಂದ (ಕೇಳಿದವರು)

ಎಲ್ರಿಗೂ ನಮಸ್ಕಾರ. ಕರ್ನೂಲು ಜಿಲ್ಲೆ ಆಲೂರು ಹತ್ರ ನಮ್ದು ಮಸಾರಿ ಹೊಲ. ಮುಂಗಾರಿ ಮಳೆ ಬಿದ್ದ ಮೇಲೆ ಜೊನ್ನಗಿರಿ, ತುಗ್ಗಲಿ ಕಡೆ ಜನ ವಜ್ರ ಹುಡುಕ್ತಾರಲ್ಲ, ಹಂಗೇ ನಮ್ಮ ಹೊಲದಾಗೂ ಎರಡು ಕಲ್ಲು ಸಿಕ್ಕಾವೆ. ಒಂದು ಕಡುಗೆಂಪು, 1.32 ಗ್ರಾಂ. ಇನ್ನೊಂದು ಬಿಳಿ, ಕಲ್ಲುಸಕ್ಕರೆ ಥರ, 2.10 ಗ್ರಾಂ. ಒಬ್ಬ ದಲ್ಲಾಳಿ ಬಂದು ನೋಡಿ ‘ಕೆಂಪು ವಜ್ರ, ಜಗತ್ತಿನಾಗೇ ದುಬಾರಿ’ ಅಂದ. ಇನ್ನೊಬ್ಬ ‘ಪೇನೈಟ್, ಭೂಮಿ ಮೇಲೆ ಎರಡು ಮೂರೇ ಇರೋದು’ ಅಂತಾನೆ. ಮುಂಬೈಗೆ ಟೆಸ್ಟಿಂಗ್‌ಗೆ ಕಳಿಸ್ತೀವಿ, ಕಲ್ಲು ಕೊಡ್ರಿ, 15 ಸಾವಿರ ಮುಂಗಡ ಕೊಡ್ರಿ ಅಂತ ಇಬ್ಬರದೂ ಒಂದೇ ಮಾತು. ಕೊಡೋಕೆ ಮುಂಚೆ ಮನೆಯಾಗೇ ಏನಾದ್ರೂ ನೋಡ್ಕೋಬೋದಾ? ಜತೆಗೆ ನಮ್ಮ ಅವ್ವನ ಹಳೇ ಓಲೆಯಾಗೆ ಕೆಂಪು ಹರಳು ಅದಾವೆ. ಅವು ನಿಜವಾದ ಮಾಣಿಕ್ಯ ಹೌದೋ ಅಲ್ವೋ ಹೆಂಗೆ ತಿಳಿಯೋದು?

ಗುಂತಕಲ್ಲಿನಿಂದ

ತಮ್ಮಾ, ದುಡ್ಡೂ ಕೊಡಬೇಡ, ಕಲ್ಲೂ ಕೊಡಬೇಡ. ಮೊದಲು ಸಾಂದ್ರತೆ ನೋಡು. ಬಣ್ಣ ನೋಡಿ ಹೆಸರು ಹೇಳುವವರ ಮಾತಿಗಿಂತ ಒಂದು ಲೋಟ ನೀರು ಹೆಚ್ಚು ಸತ್ಯ ಹೇಳುತ್ತದೆ.

0.01 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ, ಒಂದು ಗಾಜಿನ ಲೋಟ, ಸಣ್ಣ ನೈಲಾನ್ ದಾರ ಇದ್ದರೆ ಸಾಕು. ಕಲ್ಲನ್ನು ಸೋಪಿನ ನೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜು, ಸಂದಿಯ ಮಣ್ಣೆಲ್ಲ ಹೋಗಬೇಕು. ಒಣಗಿಸಿ ತೂಗಿ ಬರೆದುಕೋ. ಕುದಿಸಿ ಆರಿಸಿದ ನೀರನ್ನು ಲೋಟಕ್ಕೆ ಮುಕ್ಕಾಲು ಹಾಕಿ, ಪಾತ್ರೆ ತೊಳೆಯುವ ದ್ರವ ಒಂದೇ ಹನಿ ಬಿಡು. ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡು. ಈಗ ಕಲ್ಲಿಗೆ ದಾರ ಕಟ್ಟಿ ನೀರಿನೊಳಗೆ ಇಳಿಬಿಡು. ಪೂರ್ತಿ ಮುಳುಗಬೇಕು, ಆದರೆ ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು. ಆಗ ತಕ್ಕಡಿ ತೋರಿಸುವುದು ಕಲ್ಲಿನ ತೂಕವಲ್ಲ, ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ.

ವಜ್ರ 3.52. ಬೆಣಚು ಕಲ್ಲು, ಸ್ಫಟಿಕ 2.65. ಮಾಣಿಕ್ಯ, ನೀಲ ಎರಡೂ ಸುಮಾರು 4.0, ಪೇನೈಟ್ ಕೂಡ ಹೆಚ್ಚು ಕಡಿಮೆ ಅಷ್ಟೇ. ಮಾಣಿಕ್ಯದಂತೆ ಕಾಣುವ ಸ್ಪಿನೆಲ್ ಎಂಬ ಹರಳು 3.60. ಗಾರ್ನೆಟ್ ಎಂಬ, ಸಾಮಾನ್ಯವಾಗಿ ಕಡುಗೆಂಪಗಿರುವ ಹರಳು ಜಾತಿ ನೋಡಿ 3.6ರಿಂದ 4.2ರವರೆಗೆ. ಅಮೆರಿಕನ್ ಡೈಮಂಡ್ ಅಂತ ಮಾರುವ ಜಿರ್ಕೋನಿಯಾ 5.6ಕ್ಕೂ ಮೇಲೆ. ನಿನ್ನ ಕೆಂಪು ಕಲ್ಲು ವಜ್ರವಾಗಿದ್ದರೆ ತಕ್ಕಡಿ 0.37 ಅಥವಾ 0.38 ತೋರಿಸಬೇಕು, ಮಾಣಿಕ್ಯವಾದರೆ 0.33. ಬಿಳಿಯದು ವಜ್ರವಾದರೆ 0.60, ಬೆಣಚಾದರೆ 0.79.

ಎಡವುವುದು ಮೂರು ಕಡೆ. ಕಲ್ಲಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಸಾಂದ್ರತೆ ಕಡಿಮೆ ಬರುತ್ತದೆ. ನೀರು ಕುದಿಸುವುದು, ಸೋಪಿನ ಹನಿ ಬಿಡುವುದು ಅದಕ್ಕೇ. ಕಲ್ಲು ತಳಕ್ಕೆ ತಾಗಿದರೆ ತಕ್ಕಡಿ ಕಲ್ಲಿನ ಭಾರವನ್ನೇ ತೂಗಿಬಿಡುತ್ತದೆ, ಲೆಕ್ಕ ಪೂರ್ತಿ ಕೆಟ್ಟುಹೋಗುತ್ತದೆ. ಮೂರನೆಯದು ಚಿಕ್ಕ ಕಲ್ಲು. ಒಂದು ಕ್ಯಾರಟ್ ಅಂದರೆ 0.2 ಗ್ರಾಂ. ಅಷ್ಟು ತೂಕದ ವಜ್ರ ತಳ್ಳುವ ನೀರು 0.057 ಗ್ರಾಂ ಮಾತ್ರ, ನಿನ್ನ ತಕ್ಕಡಿ 0.05 ಅಂತಲೋ 0.06 ಅಂತಲೋ ತೋರಿಸುತ್ತದೆ. ಮೊದಲನೆಯದಕ್ಕೆ ಲೆಕ್ಕ 4.0, ಎರಡನೆಯದಕ್ಕೆ 3.3. ಅಂಥ ಕಲ್ಲಿಗೆ 0.001 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ನಿನ್ನವು ಎರಡೂ ದೊಡ್ಡವು, ತೊಂದರೆಯಿಲ್ಲ. ಐದು ಸಲ ತೂಗಿ ಸರಾಸರಿ ತೆಗೆ.

ರಾಯದುರ್ಗದಿಂದ

ಒಂದು ಮಾತು ಮೊದಲೇ: ‘ನಿಜವಾದ ವಜ್ರ ಒಡೆಯಲ್ಲ’ ಅಂತ ಯಾರಾದರೂ ಸುತ್ತಿಗೆ ತಂದರೆ ಕೈಗೆ ಕಲ್ಲು ಕೊಡಬೇಡಿ. ವಜ್ರ ಗೀರಿಗೆ ಗಟ್ಟಿ, ಪೆಟ್ಟಿಗಲ್ಲ. ನಾಲ್ಕು ದಿಕ್ಕಿನಲ್ಲಿ ಅದಕ್ಕೆ ಸೀಳುವ ಪದರವಿದೆ, ಸರಿಯಾದ ಕೋನದಲ್ಲಿ ಏಟು ಬಿದ್ದರೆ ಎರಡಾಗುತ್ತದೆ. ಒಡೆದದ್ದನ್ನು ‘ನಕಲಿ’ ಅಂತ ಕಡಿಮೆ ಬೆಲೆಗೆ ಎತ್ತಿಕೊಂಡು ಹೋಗುವವರಿದ್ದಾರೆ. ಗಾಜು ಗೀರಿ ನೋಡುವುದೂ ಉಪಯೋಗವಿಲ್ಲ, ಬೆಣಚು ಕಲ್ಲೂ ಗಾಜನ್ನು ಗೀರುತ್ತದೆ.

ಕೈಲಿ ಹಿಡಿಯುವ ಶಾಖದ ಪೆನ್ ಟೆಸ್ಟರ್ ಬಗ್ಗೆಯೂ ಎಚ್ಚರ. ವಜ್ರದಂತೆ ಕಾಣುವ ಮೊಯ್ಸನೈಟ್ ಎಂಬ ಬೇರೆ ಹರಳು ಅದರಲ್ಲಿ ವಜ್ರ ಅಂತಲೇ ಬೀಪ್ ಮಾಡುತ್ತದೆ, ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಂತೂ ವಜ್ರವೇ ಆದ್ದರಿಂದ ಪಾಸಾಗುತ್ತದೆ.

ಆದವಾನಿಯಿಂದ

ಕೆಂಪು ಕಲ್ಲಿಗೆ ಸಾಂದ್ರತೆಯೊಂದೇ ಸಾಲದು, ಯಾಕೆಂದರೆ ಗಾರ್ನೆಟ್ 4.0ರ ಆಸುಪಾಸೂ ಬರಬಹುದು. ಜತೆಗೆ ಈ ಎರಡನ್ನು ಮಾಡಿ.

ಮೊದಲನೆಯದಕ್ಕೆ ಹಳೇ ಪೋಲರಾಯ್ಡ್ ಕನ್ನಡಕದ ಎರಡು ಗಾಜು ಬೇಕು. ಒಂದರ ಹಿಂದೆ ಒಂದು ಹಿಡಿದು, ಬೆಳಕು ಪೂರ್ತಿ ಕಪ್ಪಾಗುವವರೆಗೆ ಒಂದನ್ನು ತಿರುಗಿಸಿ. ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ನಡುವೆ ಕಲ್ಲನ್ನಿಟ್ಟು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಮಾಣಿಕ್ಯವಾದರೆ ಒಂದು ಸುತ್ತಿಗೆ ನಾಲ್ಕು ಸಲ ಬೆಳಗಿ ನಾಲ್ಕು ಸಲ ಕಪ್ಪಾಗುತ್ತದೆ. ಪೇನೈಟ್ ಕೂಡ ಹಾಗೇ. ಗಾರ್ನೆಟ್, ಸ್ಪಿನೆಲ್, ವಜ್ರ, ಗಾಜು ಇವು ಕಪ್ಪಾಗಿಯೇ ಉಳಿಯುತ್ತವೆ, ಹೆಚ್ಚೆಂದರೆ ಒಳಗೆ ಹಾವಿನಂಥ ಮಸುಕು ಪಟ್ಟೆ ಕಾಣುತ್ತದೆ. ಮಾಣಿಕ್ಯಕ್ಕೂ ಒಂದು ದಿಕ್ಕಿನಲ್ಲಿ ನೋಡಿದರೆ ಕಪ್ಪೇ, ಹಾಗಾಗಿ ಮೂರು ಬೇರೆ ಬೇರೆ ಮುಖದಿಂದ ನೋಡಲೇಬೇಕು. ಹೊಲದ ಕಲ್ಲಿನ ಮೈ ಒರಟಾಗಿ ಬೆಳಕು ಚದುರುತ್ತದೆ. ಚಿಕ್ಕ ಗಾಜಿನ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಹಾಕಿ ಅದರೊಳಗೆ ಮುಳುಗಿಸಿದರೆ ಒಳಗಿನದು ತಿಳಿಯಾಗಿ ಕಾಣುತ್ತದೆ. ಪ್ಲಾಸ್ಟಿಕ್ ಬಟ್ಟಲು ಬೇಡ, ಅದೇ ಬಣ್ಣದ ಪಟ್ಟೆ ತೋರಿಸಿ ದಾರಿ ತಪ್ಪಿಸುತ್ತದೆ.

ಎರಡನೆಯದು ಅಯಸ್ಕಾಂತ. ಹಳೇ ಹಾರ್ಡ್‌ಡಿಸ್ಕ್ ಒಳಗಿನ ನಿಯೋಡಿಮಿಯಂ ಅಯಸ್ಕಾಂತ ಒಳ್ಳೆಯದು. ತಟ್ಟೆ ನೀರಿನ ಮೇಲೆ ಥರ್ಮಾಕೋಲ್ ಚೂರು ತೇಲಿಸಿ ಅದರ ಮೇಲೆ ಕಲ್ಲಿಡಿ, ಫ್ಯಾನ್ ಆರಿಸಿ, ಅಯಸ್ಕಾಂತವನ್ನು ತಾಗದಷ್ಟು ಹತ್ತಿರ ತನ್ನಿ. ಗಾರ್ನೆಟ್‌ನಲ್ಲಿ ಕಬ್ಬಿಣವಿರುವುದರಿಂದ ಥರ್ಮಾಕೋಲ್ ಮೆಲ್ಲಗೆ ಅಯಸ್ಕಾಂತದ ಹಿಂದೆ ಬರುತ್ತದೆ. ಮಾಣಿಕ್ಯ, ವಜ್ರ ಅಲುಗುವುದಿಲ್ಲ.

ಕೇಳಿದವರು

ಎಲ್ಲಾ ಮಾಡಿ ನೋಡಿದೆ. ಕೆಂಪಿಗೆ ಸರಾಸರಿ 0.35 ಬಂತು, ಅಂದ್ರೆ 3.77. ಕನ್ನಡಕದ ಗಾಜಿನಾಗೆ ಮೂರು ಕಡೆಯಿಂದಲೂ ಕಪ್ಪೇ. ಅಯಸ್ಕಾಂತಕ್ಕೆ ಥರ್ಮಾಕೋಲ್ ಬರ್ತೈತೆ. ಬಿಳೀದು 0.79.

ಆದವಾನಿಯಿಂದ

ಹಾಗಾದರೆ ಕೆಂಪು ಗಾರ್ನೆಟ್, ಬಹುಶಃ ಪೈರೋಪ್ ಎಂಬ ಜಾತಿಯ ಕಡೆಯದು. ಬಿಳಿಯದು ಬೆಣಚು. ಪೇನೈಟ್ ಆಗಿದ್ದರೆ ಕನ್ನಡಕದ ಗಾಜಿನಲ್ಲಿ ಬೆಳಗಬೇಕಿತ್ತು, ವಜ್ರವಾಗಿದ್ದರೆ ತಕ್ಕಡಿಯಲ್ಲೇ ಗೊತ್ತಾಗುತ್ತಿತ್ತು.

ಬೇಜಾರು ಮಾಡಿಕೊಳ್ಳಬೇಡಿ, ಈ ಗಾರ್ನೆಟ್‌ಗೂ ನಮ್ಮ ಸೀಮೆಯ ವಜ್ರಕ್ಕೂ ನಂಟಿದೆ. ಅನಂತಪುರ ಜಿಲ್ಲೆಯ ವಜ್ರಕರೂರಿನ ಸುತ್ತ ಇರುವ ಕಿಂಬರ್ಲೈಟ್ ಕೊಳವೆಗಳು (ಆಳದಿಂದ ಉಕ್ಕಿ ಬಂದು ಗಟ್ಟಿಯಾದ ಶಿಲೆಯ ಕಂಬಗಳು) ಸುಮಾರು 110 ಕೋಟಿ ವರ್ಷ ಹಳೆಯವು. ಭೂಮಿಯ ಆಳದಿಂದ ವಜ್ರವನ್ನು ಮೇಲೆ ತಂದ ಆ ಕರಗಿದ ಶಿಲೆಯೇ ಕ್ರೋಮಿಯಂ ಇರುವ ಪೈರೋಪ್ ಗಾರ್ನೆಟ್, ಕಪ್ಪು ಖನಿಜ ಇಲ್ಮನೈಟ್, ಹಸಿರು ಕ್ರೋಮ್ ಡಯೋಪ್ಸೈಡ್‌ಗಳನ್ನೂ ತಂದಿದೆ. ಭೂವಿಜ್ಞಾನಿಗಳು ವಜ್ರವನ್ನು ನೇರ ಹುಡುಕುವುದಿಲ್ಲ, ಹಳ್ಳದ ಮರಳಿನಲ್ಲಿ ಇವನ್ನು ಹುಡುಕಿ ಮೇಲಕ್ಕೆ ಮೇಲಕ್ಕೆ ಹೋಗಿ ಕೊಳವೆ ಕಂಡುಹಿಡಿಯುತ್ತಾರೆ. ಆದರೆ ಎಲ್ಲ ಗಾರ್ನೆಟ್ಟೂ ಆ ಜಾತಿಯದಲ್ಲ, ಸಾಮಾನ್ಯ ಬಂಡೆಯಿಂದಲೂ ಬರುತ್ತದೆ. ಅದನ್ನು ಪ್ರಯೋಗಾಲಯದಲ್ಲಿ ಕ್ರೋಮಿಯಂ ಅಳೆದೇ ಹೇಳಬೇಕು.

ಮುಂದೆ ಹುಡುಕುವಾಗ ಕಣ್ಣು ಎಲ್ಲಿರಬೇಕೆಂದರೆ: ಬೆಣಚಿನ ಹರಳಿಗೆ ಆರು ಪಕ್ಕ, ಪಕ್ಕದ ಮೇಲೆ ಅಡ್ಡ ಗೆರೆ. ಕಚ್ಚಾ ವಜ್ರಕ್ಕೆ ಸಾಮಾನ್ಯವಾಗಿ ಎಂಟು ಮುಖ, ಅಂಚು ಸವೆದು ದುಂಡಗೆ, ಭೂತಗನ್ನಡಿಯಲ್ಲಿ ಮುಖದ ಮೇಲೆ ಚಿಕ್ಕ ಚಿಕ್ಕ ತ್ರಿಕೋನದ ಗುಳಿ. ಹೊಳಪು ಗಾಜಿನದಲ್ಲ, ಎಣ್ಣೆ ಸವರಿದಂತಿರುತ್ತದೆ. ವಜ್ರದ ಮೇಲೆ ನೀರು ಹರಡದೆ ಹನಿಯಾಗಿ ನಿಲ್ಲುತ್ತದೆ, ಗ್ರೀಸಿಗೆ ಗಟ್ಟಿಯಾಗಿ ಅಂಟುತ್ತದೆ. ಗಣಿಗಳಲ್ಲಿ ಗ್ರೀಸ್ ಹಚ್ಚಿದ ಮೇಜಿನ ಮೇಲೆ ಜಲ್ಲಿ ಹರಿಸಿ ವಜ್ರ ಹಿಡಿಯುತ್ತಿದ್ದದ್ದು ಇದೇ ಗುಣದಿಂದ. ಇನ್ನೊಂದು, ಮೇಲೆ ಬಿದ್ದದ್ದು ಹೆಕ್ಕುವುದು ಬೇರೆ, ಹೊಂಡ ತೋಡಿ ಜಲ್ಲಿ ಸೋಸುವುದು ಬೇರೆ. ಎರಡನೆಯದು ಗಣಿಗಾರಿಕೆ, 1957ರ ಗಣಿ ಮತ್ತು ಖನಿಜಗಳ ಕಾಯ್ದೆಯಡಿ ಅನುಮತಿ ಬೇಕು.

ಹೊಸೂರಿನಿಂದ

ದಲ್ಲಾಳಿಗಳು ಎರಡು ಬೇರೆ ವಿಷಯ ಕಲಸುತ್ತಿದ್ದಾರೆ. ಅಪರೂಪ ಅಂದ ಮಾತ್ರಕ್ಕೆ ದುಬಾರಿ ಅಲ್ಲ.

ಪೇನೈಟ್ ಕಥೆ ಅರ್ಧ ಹಳೆಯದು. 1950ರ ದಶಕದಲ್ಲಿ ಆರ್ಥರ್ ಪೇನ್ ಎಂಬವರ ಕೈಗೆ ಬರ್ಮಾದಲ್ಲಿ ಸಿಕ್ಕ ಹರಳದು. ದಶಕಗಟ್ಟಲೆ ಎರಡು ಮೂರು ಹರಳು ಬಿಟ್ಟು ಬೇರೆ ಇರಲಿಲ್ಲ ನಿಜ. 2000ದ ನಂತರ ಮೊಗೊಕ್ ಸುತ್ತ ಬೇರೆ ಜಾಗಗಳಲ್ಲಿ ಬಹಳಷ್ಟು ಸಿಕ್ಕಿವೆ, ಆದರೆ ಹೆಚ್ಚಿನವು ಕಂದು, ಮಸುಕು, ಕತ್ತರಿಸಲು ಬಾರದವು. ಟಾಫೈಟ್ ಇನ್ನೊಂದು. 1945ರಲ್ಲಿ ಡಬ್ಲಿನ್‌ನಲ್ಲಿ ರಿಚರ್ಡ್ ಟಾಫ್ ಸ್ಪಿನೆಲ್ ಅಂತ ಕೊಂಡ ಕತ್ತರಿಸಿದ ಹರಳಿನ ಹಿಂಬದಿ ಗೆರೆಗಳು ಜೋಡಿಯಾಗಿ ಕಂಡವು, ಸ್ಪಿನೆಲ್‌ನಲ್ಲಿ ಹಾಗೆ ಕಾಣಬಾರದು, ಅಲ್ಲಿಂದ ಹೊಸ ಖನಿಜವೇ ಗೊತ್ತಾಯಿತು. ಅದರ ಹತ್ತಿರದ ಬಂಧು ಮಸ್ಗ್ರವೈಟ್ 1967ರಲ್ಲಿ ಆಸ್ಟ್ರೇಲಿಯಾದಲ್ಲಿ. ಇವುಗಳನ್ನು ಕೊಳ್ಳುವವರು ಜಗತ್ತಿನಾದ್ಯಂತ ಕೆಲವೇ ಸಂಗ್ರಾಹಕರು. ಒಡವೆಗೆ ಬೇಡಿಕೆಯಿಲ್ಲ, ಹಾಗಾಗಿ ಕೈಲಿದ್ದರೂ ಮಾರುವುದು ಕಷ್ಟ.

ಹಣ ಸುರಿಯುವುದು ಬಣ್ಣದ ವಜ್ರಕ್ಕೆ, ಮಾಣಿಕ್ಯಕ್ಕೆ, ಕಾಶ್ಮೀರದ ನೀಲಕ್ಕೆ. 59.60 ಕ್ಯಾರಟ್‌ನ ಗುಲಾಬಿ ವಜ್ರ ‘ಪಿಂಕ್ ಸ್ಟಾರ್’ 2017ರಲ್ಲಿ ಹಾಂಗ್‌ಕಾಂಗ್‌ನಲ್ಲಿ 7.12 ಕೋಟಿ ಡಾಲರ್‌ಗೆ ಹೋಯಿತು. 14.62 ಕ್ಯಾರಟ್‌ನ ‘ಓಪನ್‌ಹೈಮರ್ ಬ್ಲೂ’ 2016ರಲ್ಲಿ 5.75 ಕೋಟಿಗೆ. ನೀಲಿಗೆ ಕಾರಣ ಬೋರಾನ್, ಗುಲಾಬಿ ಮತ್ತು ಕೆಂಪಿಗೆ ಯಾವ ಧಾತುವೂ ಕಾರಣವಲ್ಲ, ಆಳದ ಒತ್ತಡದಲ್ಲಿ ಹರಳಿನ ಜಾಲವೇ ತಿರುಚಿಕೊಂಡದ್ದು. ಅದಕ್ಕೇ ಶುದ್ಧ ಕೆಂಪು ವಜ್ರ ಅಷ್ಟು ವಿರಳ. ಗೊತ್ತಿರುವ ಅತಿ ದೊಡ್ಡದು ‘ಮುಸ್ಸಾಯೆಫ್ ರೆಡ್’, ಬರೀ 5.11 ಕ್ಯಾರಟ್. 1987ರಲ್ಲಿ 0.95 ಕ್ಯಾರಟ್‌ನ ‘ಹ್ಯಾನ್‌ಕಾಕ್ ರೆಡ್’ 8.8 ಲಕ್ಷ ಡಾಲರ್ ತಂದಿತು. ನಿಮ್ಮ 1.32 ಗ್ರಾಂ ಅಂದರೆ 6.6 ಕ್ಯಾರಟ್. ಅದು ಕೆಂಪು ವಜ್ರವೇ ಅಂತ ನಂಬಿದ ಮನುಷ್ಯ 15 ಸಾವಿರಕ್ಕೆ ಕೈಯೊಡ್ಡುತ್ತಾನಾ?

ನಮ್ಮ ಕಡೆಯ ಮಣ್ಣಿಗೂ ಈ ಪಟ್ಟಿಯಲ್ಲಿ ಜಾಗವಿದೆ. 34.65 ಕ್ಯಾರಟ್‌ನ ಗೋಲ್ಕೊಂಡಾ ಗುಲಾಬಿ ವಜ್ರ ‘ಪ್ರಿನ್ಸಿ’ 2013ರಲ್ಲಿ ನ್ಯೂಯಾರ್ಕ್‌ನಲ್ಲಿ 3.93 ಕೋಟಿ ಡಾಲರ್‌ಗೆ ಮಾರಾಟವಾಯಿತು.

ಕಾಸರಗೋಡಿನಿಂದ

ಅಮ್ಮನ ಓಲೆಯ ಬಗ್ಗೆ ನಾನು ಹೇಳ್ತೇನೆ. ಹಳೆ ಓಲೆಗಳಲ್ಲಿ ಹರಳಿನ ಹಿಂದೆ ಚಿನ್ನ ಮುಚ್ಚಿ, ಒಳಗೆ ಹೊಳಪಿನ ತಗಡು ಇಟ್ಟಿರ್ತಾರೆ. ದಯವಿಟ್ಟು ಅದನ್ನು ನೀರಿಗೆ ಹಾಕ್ಬೇಡಿ. ನೀರು ಒಳಗೆ ಹೋದ್ರೆ ತಗಡು ಕಪ್ಪಾಗ್ತದೆ, ಹರಳು ಸತ್ತ ಹಾಗೆ ಕಾಣ್ತದೆ. ಹಾಗಾಗಿ ಸಾಂದ್ರತೆ ಪರೀಕ್ಷೆ ಅದಕ್ಕೆ ಇಲ್ಲ.

ಕತ್ತಲೆ ಕೋಣೆಯಲ್ಲಿ 365 ನ್ಯಾನೊಮೀಟರ್‌ನ ಯುವಿ ಟಾರ್ಚ್ ಬಿಡಿ. ಮಾಣಿಕ್ಯ ಕೆಂಪಗೆ ಹೊಳೀತದೆ, ಗಾರ್ನೆಟ್ ಸುಮ್ಮನೆ ಉಳೀತದೆ. ಆದ್ರೆ ಕೆಂಡದ ಹಾಗೆ ತೀರಾ ಜೋರಾಗಿ ಹೊಳೆದ್ರೆ ಸಂಭ್ರಮ ಬೇಡ, ಕಾರ್ಖಾನೆಯ ಮಾಣಿಕ್ಯ ಇನ್ನೂ ಜೋರಾಗಿ ಹೊಳೀತದೆ. ಫ್ರಾನ್ಸಿನ ವೆರ್ನೇಯ್ 1902ರಲ್ಲಿ ಅದನ್ನು ಪ್ರಕಟಿಸಿದ ಮೇಲೆ ಎಲ್ಲ ಕಡೆ ಹರಡಿತು, ಆದ್ದರಿಂದ ‘ಅಜ್ಜಿ ಕಾಲದ್ದು’ ಅಂದ್ರೆ ನೈಸರ್ಗಿಕ ಅಂತ ಅರ್ಥ ಅಲ್ಲ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಬಾಗಿದ ಗೆರೆ, ದುಂಡನೆ ಗುಳ್ಳೆ ಕಂಡ್ರೆ ಕಾರ್ಖಾನೆಯದು. ನೇರ ಗೆರೆ, ಸೂಜಿಯಂಥ ಸಣ್ಣ ಎಳೆ ಕಂಡ್ರೆ ನೈಸರ್ಗಿಕ ಇರಬಹುದು.

ಈಗಿನ ಅಗ್ಗದ ಮಾಣಿಕ್ಯದಲ್ಲಿ ಇನ್ನೊಂದು ತೊಂದರೆ ಉಂಟು: ಬಿರುಕಿನೊಳಗೆ ಸೀಸದ ಗಾಜು ತುಂಬಿರ್ತಾರೆ. ತಿರುಗಿಸುವಾಗ ಒಳಗೆ ನೀಲಿ ಮಿಂಚು ಕಾಣ್ತದೆ. ಇಂಥದ್ದನ್ನು ಲಿಂಬೆ ರಸದಲ್ಲಿ ತೊಳೆದ್ರೆ, ಅಕ್ಕಸಾಲಿಗರು ಆಸಿಡಿನಲ್ಲಿ ಅದ್ದಿದ್ರೆ, ಬೆಸುಗೆ ಬೆಂಕಿ ತಾಗಿದ್ರೆ ಗಾಜು ಕೊರೆದುಹೋಗಿ ಬಿಳಿ ಬಲೆ ಏಳ್ತದೆ. ರಿಪೇರಿಗೆ ಕೊಡುವಾಗ ಮೊದಲೇ ಹೇಳಿಡಿ.

ಹೊಸೂರಿನಿಂದ

ಮುಂದೆ ನಿಜವಾಗಿ ಸಂಶಯದ ಕಲ್ಲು ಸಿಕ್ಕರೆ ನೀವೇ ಪ್ರಯೋಗಾಲಯಕ್ಕೆ ಕೊಡಿ, ದಲ್ಲಾಳಿಯ ಕೈಲಲ್ಲ. ಮುಂಬೈನಲ್ಲಿ ಜಿಐಎ (ಅಮೆರಿಕದ ರತ್ನ ಪರೀಕ್ಷಾ ಸಂಸ್ಥೆ) ಪ್ರಯೋಗಾಲಯ ಇದೆ, ಬಣ್ಣದ ಹರಳಿಗೆ ಜೈಪುರದಲ್ಲಿ ರತ್ನಾಭರಣ ರಫ್ತು ಉತ್ತೇಜನ ಮಂಡಳಿಯ ಪ್ರಯೋಗಾಲಯವಿದೆ. ಕಚ್ಚಾ ಕಲ್ಲು ತೆಗೆದುಕೊಳ್ಳುತ್ತಾರಾ, ಶುಲ್ಕ ಎಷ್ಟು ಅಂತ ಮೊದಲೇ ಫೋನ್ ಮಾಡಿ ಕೇಳಿ. ಕೊಡುವ ಮುಂಚೆ ಅಳತೆಪಟ್ಟಿಯ ಪಕ್ಕ ಇಟ್ಟು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ರಸೀದಿಯಲ್ಲಿ ಕ್ಯಾರಟ್ ತೂಕ ಎರಡು ದಶಮಾಂಶದವರೆಗೆ ಬರೆಸಿಕೊಳ್ಳಿ. ವಾಪಸ್ ಬಂದಾಗ ಅಲ್ಲೇ ತೂಗಿ ನೋಡಿ. ವರದಿಯಲ್ಲಿ ಕಲ್ಲು ಯಾವುದು, ನೈಸರ್ಗಿಕವೋ ಅಲ್ಲವೋ, ಸಂಸ್ಕರಿಸಿದ್ದೋ ಎಂದಿರುತ್ತದೆ, ಬೆಲೆ ಇರುವುದಿಲ್ಲ. ಯಾರಾದರೂ ಬೆಲೆ ಬರೆದ ‘ಸರ್ಟಿಫಿಕೇಟ್’ ತೋರಿಸಿದರೆ ಅದರ ನಂಬರನ್ನು ಪ್ರಯೋಗಾಲಯದ ಸ್ವಂತ ಜಾಲತಾಣದಲ್ಲೇ ಹಾಕಿ ನೋಡಿ. ಕಾಗದದ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ, ಅದು ನಕಲಿ ತಾಣಕ್ಕೂ ಕರೆದೊಯ್ಯಬಹುದು.

ಕೇಳಿದವರು

ಉಪಕಾರ ಆಯ್ತು ಎಲ್ರಿಂದಲೂ. ದಲ್ಲಾಳಿಗೆ ಬೇಡ ಅಂದೆ. ಗಾರ್ನೆಟ್ ಕತ್ತರಿಸಿ ಅವ್ವನ ಉಂಗುರಕ್ಕೆ ಹಾಕಿಸ್ಬೋದಾ?

ಆದವಾನಿಯಿಂದ

ಧಾರಾಳ ಹಾಕಿಸಿ. ಗಡಸು ಸುಮಾರು 7ರ ಮೇಲಿದೆ, ದಿನಾ ಹಾಕಿದರೂ ಬಾಳುತ್ತದೆ. ಕತ್ತರಿಸುವಾಗ ಅರ್ಧಕ್ಕಿಂತ ಹೆಚ್ಚು ತೂಕ ಹೋಗುತ್ತದೆ, 6.6 ಕ್ಯಾರಟ್‌ನಲ್ಲಿ ಎರಡೂವರೆ ಮೂರು ಉಳಿದರೆ ಒಳ್ಳೆಯದೇ. ಕಡುಗೆಂಪು ಆದ್ದರಿಂದ ಹರಳಿನ ಕೆಳಭಾಗದ ಹೊಟ್ಟೆ ಆಳ ಬಿಡಬೇಡಿ ಅಂತ ಹೇಳಿ, ದಪ್ಪ ಬಿಟ್ಟರೆ ಉಂಗುರದಲ್ಲಿ ಕಪ್ಪಗೆ ಕಾಣುತ್ತದೆ. ಹರಳಿನ ಹಿಂಬದಿ ತೆರೆದಿರುವಂತೆಯೇ ಕಟ್ಟಿಸಿ.