ಅಪ್‌ಡೇಟ್: ಬ್ಯಾಂಕಾಕ್–ಸಿಂಗಪುರ ಟಿಕೆಟ್‌ನ ಸಮಯದ ಗೊಂದಲ

ಹೋಗುವಾಗ ಮೂರೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ ಕಾಣ್ತಿದೆ, ಯಾವುದು ಸರಿ ಅಂತ ಕೇಳಿದ್ದೆ. ಎರಡೂ ಅಲ್ಲ. ನೇರ ದೂರ ಸುಮಾರು 1,400 ಕಿ.ಮೀ., ಎರಡೂ ಕಡೆ ಹೆಚ್ಚುಕಮ್ಮಿ ಎರಡೂವರೆ ಗಂಟೆ. ರನ್‌ವೇ ಸರದಿಯ ಸಮಯವೂ ಅದರಲ್ಲೇ ಸೇರಿದೆ. ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಗಡಿಯಾರ, ಸಿಂಗಪುರ ಒಂದು ಗಂಟೆ ಮುಂದೆ. 10:00ಕ್ಕೆ ಹೊರಟರೆ 13:30ಕ್ಕೆ ಸಿಂಗಪುರ; ವಾಪಸ್ 15:00ಕ್ಕೆ ಹೊರಟರೆ 16:30ಕ್ಕೇ ಬ್ಯಾಂಕಾಕ್. ರೇಖಾಂಶದಲ್ಲಿ ಎರಡೂ ಅಕ್ಕಪಕ್ಕದ ಊರುಗಳೇ, ಆದರೆ 1982ರಲ್ಲಿ ಸಿಂಗಪುರ ಮಲೇಷ್ಯಾ ಜೊತೆ ಗಡಿಯಾರವನ್ನು ಇನ್ನರ್ಧ ಗಂಟೆ ಮುಂದೆ ತಳ್ಳಿಕೊಂಡಿತು.

ಬುಕ್ ಮಾಡೋ ಮುಂಚೆ ನಿಲ್ದಾಣದ ಕೋಡ್ ನೋಡಿ: ಬಿಕೆಕೆ ಅಂದ್ರೆ ಸುವರ್ಣಭೂಮಿ, ಡಿಎಂಕೆ ಅಂದ್ರೆ ಡಾನ್ ಮುಯಾಂಗ್ (ಪಕ್ಷ ಅಲ್ಲ!). ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಾದರೆ ನಡುವೆ ಬ್ಯಾಂಕಾಕ್ ಟ್ರಾಫಿಕ್ ಇದೆ.